ಹದಿನೇಳರ ಹುಡುಗನಿಗೆ ನಂಬರ್ ಹಾಕೋಕೆ ನಾವ್ಯಾರು?

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಐಪಿಎಲ್ ಹರಾಜು ಹತ್ತಿರ ಬಂದಾಗ "ಈ ಸಲ ಕೋಟಿ ಬಾಚಲಿರುವ ಹತ್ತು ಹುಡುಗರು" ಅಂತ ನಿಮ್ಮ ಮೊಬೈಲಿಗೆ ಒಂದು ಪಟ್ಟಿ ಬರುತ್ತಲ್ಲ, ಅಂಥ ಪಟ್ಟಿಗಳನ್ನು ನಾನೂ ಬರೆದಿದ್ದೇನೆ. ಒಂದಲ್ಲ, ಮೂರು.

ಪತ್ರಿಕೋದ್ಯಮ ಓದು ಮುಗಿಸಿ ಬೆಂಗಳೂರಿಗೆ ಬಂದ ಹೊಸತು. ಇಂದಿರಾನಗರದ 100 ಅಡಿ ರಸ್ತೆಯ ಹಿಂದಿನ ಒಂದು ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ ಕೆಲಸ. ಕಚೇರಿಯ ಹೆಸರು ಇಲ್ಲಿ ಬೇಡ. ಕೆಳಗಡೆ ಹೋಟೆಲ್ಲು, ಬಾರು. ಹರಾಜಿನ ದಿನ ಅಲ್ಲಿ ಮ್ಯಾಚ್ ನೋಡಿದ ಹಾಗೆ ದೊಡ್ಡ ಪರದೆ ಹಾಕಿಕೊಂಡು ಹರಾಜು ನೋಡುತ್ತಾರೆ. ಸುತ್ತಿಗೆ ಬಿದ್ದಾಗ ಸಿಕ್ಸರ್ ಹೊಡೆದಷ್ಟೇ ಕೂಗು.

ಪಟ್ಟಿ ಹೇಗೆ ತಯಾರಾಗುತ್ತಿತ್ತು ಅಂತ ಕೇಳಿ. ಸ್ಕೋರ್‌ಕಾರ್ಡ್ ತೆರೆಯುವುದು. ಯೂಟ್ಯೂಬಲ್ಲಿ ಎರಡು ನಿಮಿಷದ ತುಣುಕು ನೋಡುವುದು, ಅದರಲ್ಲಿ ಆ ಹುಡುಗ ಔಟಾಗಿದ್ದು ಇರುವುದೇ ಇಲ್ಲ. ಆಮೇಲೆ ಬೇರೆಯವರ ಪಟ್ಟಿ ನೋಡಿ, ಅಲ್ಲಿ ನಾಲ್ಕನೇ ಜಾಗದಲ್ಲಿದ್ದವನನ್ನು ಎರಡಕ್ಕೆ ತರುವುದು, ಎರಡರವನನ್ನು ಐದಕ್ಕೆ ಇಳಿಸುವುದು. ಸಂಜೆ ಆರರೊಳಗೆ ಕಳಿಸಬೇಕು. ಚಿನ್ನಸ್ವಾಮಿ ಕ್ರೀಡಾಂಗಣ ಇಂದಿರಾನಗರದಿಂದ ಮೆಟ್ರೋದಲ್ಲಿ ನಾಲ್ಕು ಸ್ಟೇಷನ್. ಕಿರಿಯರ ಆಟ ನೋಡಬೇಕಿದ್ದರೆ ಆಲೂರಿನಲ್ಲಿ ಕೆಎಸ್‌ಸಿಎ ಮೈದಾನಗಳಿವೆ, ಟಿಕೆಟ್ಟಿನ ಗೊಡವೆಯಿಲ್ಲ. ಆ ಮೂರು ಪಟ್ಟಿಯಲ್ಲಿದ್ದ ಮೂವತ್ತು ಹೆಸರುಗಳಲ್ಲಿ ಒಬ್ಬನೇ ಒಬ್ಬನ ಆಟವನ್ನೂ ನಾನು ಮೈದಾನದಲ್ಲಿ ಕೂತು ನೋಡಿರಲಿಲ್ಲ.

ಮೂರನೇ ಪಟ್ಟಿ ಬಂದ ವಾರ ನಮ್ಮ ಕಡೆಯಿಂದ ಒಂದು ಫೋನ್ ಬಂತು. ನನಗೆ ಅಣ್ಣನ ವರಸೆಯವರು. ಅವರ ಮಗನಿಗೆ ಹದಿನೈದು, ಟೆನಿಸ್ ಬಾಲ್ ಟೂರ್ನಿಯಲ್ಲಿ ಒಳ್ಳೆಯ ಹೆಸರಿದೆ. ಕುಶಲ ಕೇಳಿದ ಮೇಲೆ ಸ್ವಲ್ಪ ತಡೆದು ಅಂದರು: "ಏನಪ್ಪಾ, ನಿಮ್ ಲಿಸ್ಟಲ್ಲಿ ನಮ್ ಹುಡುಗನ ಹೆಸರು ಬರ್ಬೇಕು ಅಂದ್ರೆ ಎಷ್ಟಾಗತ್ತೆ?"

ಎಷ್ಟು ರನ್ ಹೊಡೀಬೇಕು ಅಂತ ಅವರು ಕೇಳಲಿಲ್ಲ. ಎಷ್ಟಾಗತ್ತೆ ಅಂತ ಕೇಳಿದರು. ಅಷ್ಟರಲ್ಲಾಗಲೇ ಒಂದು ಅಕಾಡೆಮಿಯವರು "ಆಕ್ಷನ್‌ಗೆ ರೆಡಿ ಮಾಡ್ತೀವಿ" ಅಂತ ಹೇಳಿ ಅವರಿಂದ ದುಡ್ಡು ಕಟ್ಟಿಸಿಕೊಂಡಿದ್ದರು. ಅತ್ತಿಗೆಯ ಒಡವೆ ಸೊಸೈಟಿಯಲ್ಲಿ ಅಡ ಕೂತಿತ್ತು. ಅಣ್ಣನಿಗೆ ಆ ಅಕಾಡೆಮಿಯವರು ನಂಬಿಕೆ ಬರಲಿ ಅಂತ ತೋರಿಸಿದ್ದು ಏನನ್ನ ಗೊತ್ತೇ? ನಾನು ಬರೆದ ಪಟ್ಟಿಯಂಥದ್ದೇ ಒಂದು ಪಟ್ಟಿ.

ಆವತ್ತಿನಿಂದ ಈ ಪಟ್ಟಿಗಳ ಮೇಲೆ ನನಗೆ ಸಿಟ್ಟು. ಇವು ಬರೀ ಮನರಂಜನೆ, ಓದಿ ಮರೆತುಬಿಡುತ್ತಾರೆ ಅನ್ನುವವರಿದ್ದಾರೆ. ಇಂದಿರಾನಗರದಲ್ಲಿ ಓದಿ ಮರೆಯುತ್ತಾರೆ. ಊರಲ್ಲಿ ಇದನ್ನು ನಂಬಿ ಒಡವೆ ಅಡ ಇಡುತ್ತಾರೆ.

ಸರಿ, ಪಟ್ಟಿಗಳು ನಿಜಕ್ಕೂ ಎಷ್ಟು ನಿಜ ಹೇಳುತ್ತವೆ ನೋಡೋಣ.

2008ರಲ್ಲಿ ಐಪಿಎಲ್ ಶುರುವಾದಾಗ 19 ವರ್ಷದೊಳಗಿನ ಹುಡುಗರನ್ನು ಹರಾಜು ಹಾಕಲಿಲ್ಲ, ತಂಡಗಳು ಸರದಿಯ ಮೇಲೆ ಒಬ್ಬೊಬ್ಬರನ್ನು ಆರಿಸಿಕೊಂಡವು. ಆ ಮಾರ್ಚಿನಲ್ಲಷ್ಟೇ ಕಿರಿಯರ ವಿಶ್ವಕಪ್ ಗೆದ್ದು ಬಂದಿದ್ದ ನಾಯಕ ವಿರಾಟ್ ಕೊಹ್ಲಿ, ದೆಹಲಿಯ ಹುಡುಗ. ಮೊದಲ ಸರದಿ ದೆಹಲಿ ತಂಡದ್ದೇ. ಅವರು ಆರಿಸಿದ್ದು ವೇಗದ ಬೌಲರ್ ಪ್ರದೀಪ್ ಸಾಂಗ್ವಾನ್ ಅವರನ್ನು. ಹಾಗಾಗಿ ಕೊಹ್ಲಿ ಬೆಂಗಳೂರಿಗೆ ಬಂದರು. ದೆಹಲಿಯವರೇನೂ ದಡ್ಡರಲ್ಲ. ಅವರಲ್ಲಿ ಸೆಹ್ವಾಗ್, ಗಂಭೀರ್ ಇದ್ದರು, ಬ್ಯಾಟಿಂಗ್ ಗಟ್ಟಿಯಾಗಿತ್ತು, ಬೌಲರ್ ಬೇಕಿತ್ತು. ಅವತ್ತಿನ ಲೆಕ್ಕಕ್ಕೆ ಅದು ಸರಿಯೇ.

ಗಮನಿಸಬೇಕಾದ್ದು ಇಲ್ಲೇ. ಯಾರು ಮೊದಲು, ಯಾರು ಆಮೇಲೆ ಅನ್ನುವುದು ಹುಡುಗನ ಯೋಗ್ಯತೆಯ ಅಳತೆ ಅಲ್ಲ. ಆ ದಿನ ಕೊಳ್ಳುವವರ ಮನೆಯಲ್ಲಿ ಏನು ಕೊರತೆ ಇತ್ತು ಅನ್ನುವುದರ ಅಳತೆ. ಕೋಲಾರದ ಮಾರ್ಕೆಟ್ಟಿಗೆ ಟೊಮೆಟೊ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಕ್ಸಿಗೆ ಸಾವಿರ ಸಿಕ್ಕರೂ ನೂರು ಸಿಕ್ಕರೂ ಹಣ್ಣು ಅದೇ. ಅವತ್ತು ಎಷ್ಟು ಲಾರಿ ಬಂತು, ಹೊರಗಿನ ವ್ಯಾಪಾರಿ ಬಂದನೋ ಇಲ್ಲವೋ, ರೇಟು ನಿಲ್ಲುವುದು ಅದರ ಮೇಲೆ. ರೇಟು ಬಿತ್ತು ಅಂತ ನಾವು ಬೆಳೆಯನ್ನು ಬೈಯುವುದಿಲ್ಲ. ಆದರೆ ಹುಡುಗರ ವಿಷಯದಲ್ಲಿ ರೇಟನ್ನೇ ಯೋಗ್ಯತೆ ಅಂದುಕೊಳ್ಳುತ್ತೇವೆ.

ಹತ್ತು ವರ್ಷದ ನಂತರದ ಮಾತು. 2018ರ ಜನವರಿ 27 ಮತ್ತು 28ರಂದು ನಮ್ಮ ಬೆಂಗಳೂರಿನಲ್ಲೇ ಹರಾಜು ನಡೆಯಿತು. ಆ ಹೊತ್ತಿಗೆ ಭಾರತದ ಕಿರಿಯರ ತಂಡ ನ್ಯೂಜಿಲೆಂಡಿನಲ್ಲಿ ವಿಶ್ವಕಪ್ ಆಡುತ್ತಿತ್ತು, 30ಕ್ಕೆ ಪಾಕಿಸ್ತಾನದ ಎದುರು ಸೆಮಿಫೈನಲ್. ಹರಾಜಿನಲ್ಲಿ ಕಮಲೇಶ್ ನಾಗರಕೋಟಿಗೆ 3.2 ಕೋಟಿ, ಶಿವಂ ಮಾವಿಗೆ 3 ಕೋಟಿ, ಶುಭಮನ್ ಗಿಲ್‌ಗೆ 1.8 ಕೋಟಿ, ನಾಯಕ ಪೃಥ್ವಿ ಶಾಗೆ 1.2 ಕೋಟಿ, ಅಭಿಷೇಕ್ ಶರ್ಮಾಗೆ 55 ಲಕ್ಷ. ಅದೇ ತಂಡದಲ್ಲಿದ್ದ ಅರ್ಷ್‌ದೀಪ್ ಸಿಂಗ್ ಹೆಸರು ಈ ಕೋಟಿಗಳ ಸಾಲಿನಲ್ಲಿ ಇರಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಪಂಜಾಬ್ ತಂಡ 20 ಲಕ್ಷಕ್ಕೆ ಅವರನ್ನು ತೆಗೆದುಕೊಂಡಿತು.

ಈಗ ಆ ಸಾಲನ್ನು ಕೆಳಗಿನಿಂದ ಓದಿ. 20 ಲಕ್ಷದ ಅರ್ಷ್‌ದೀಪ್ ಪುರುಷರ ಟಿ20 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 100 ವಿಕೆಟ್ ಪಡೆದ ಮೊದಲ ಭಾರತೀಯ. 55 ಲಕ್ಷದ ಅಭಿಷೇಕ್ 2025ರಲ್ಲಿ ಟಿ20ಯ ನಂಬರ್ ಒನ್ ಬ್ಯಾಟರ್ ಆದರು. ಗಿಲ್ ಅದೇ ವರ್ಷ ಟೆಸ್ಟ್ ತಂಡದ ನಾಯಕ. ಪೃಥ್ವಿ ಶಾ ಟೆಸ್ಟಿನ ಮೊದಲ ಆಟದಲ್ಲೇ ಶತಕ ಹೊಡೆದವರು, 2024ರ ನವೆಂಬರ್ ಹರಾಜಿನಲ್ಲಿ ಯಾರೂ ಕೈ ಎತ್ತಲಿಲ್ಲ. ಎಲ್ಲರಿಗಿಂತ ಮೇಲಿದ್ದ ನಾಗರಕೋಟಿ ಗಾಯದಿಂದ ಮೊದಲ ಎರಡು ಐಪಿಎಲ್ ಆಡಲೇ ಇಲ್ಲ. ಬೆನ್ನು ನೋವು ಆ ಹುಡುಗನ ತಪ್ಪೇ? ಅಲ್ಲ. ಆದರೆ ಪಟ್ಟಿ ಬರೆದವರು ಒಬ್ಬರಾದರೂ "ಹದಿನೆಂಟರ ವೇಗದ ಬೌಲರಿನ ಮೈ ಇನ್ನೂ ಬಲಿತಿರುವುದಿಲ್ಲ, ನಮಗೆ ಗೊತ್ತಿಲ್ಲ" ಅಂತ ಬರೆದರೇ?

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2015ರ ಫೆಬ್ರವರಿಯಲ್ಲಿ, ಅದೂ ಬೆಂಗಳೂರಿನಲ್ಲೇ, ಕೊಡಗಿನ ಕೆ.ಸಿ. ಕಾರಿಯಪ್ಪ ಅವರನ್ನು ಕೋಲ್ಕತ್ತ ತಂಡ 2.4 ಕೋಟಿಗೆ ಕೊಂಡಿತು. ಮೂಲಬೆಲೆ 10 ಲಕ್ಷ. ಅಲ್ಲಿಯವರೆಗೆ ಒಂದೂ ರಣಜಿ ಪಂದ್ಯ ಆಡಿರಲಿಲ್ಲ, ಹೆಸರು ಬಂದಿದ್ದು ಕೆಪಿಎಲ್‌ನಿಂದ. ರಾತ್ರೋರಾತ್ರಿ "ನಿಗೂಢ ಸ್ಪಿನ್ನರ್" ಅಂತ ಎಲ್ಲ ಕಡೆ ಬಂತು. ಆ ವರ್ಷ ಅವರಿಗೆ ಆಡಲು ಸಿಕ್ಕಿದ್ದು ಒಂದೇ ಪಂದ್ಯ. ಅದರಲ್ಲೇ ಎಬಿ ಡಿವಿಲಿಯರ್ಸ್ ವಿಕೆಟ್ ತೆಗೆದರು ಅನ್ನುವುದನ್ನು ನಾವು ಬರೆಯುವವರು ಬೇಗ ಮರೆತೆವು. 2.4 ಕೋಟಿ ಮಾತ್ರ ಮರೆಯಲಿಲ್ಲ. ಅವರು ಎಲ್ಲಿ ಬೌಲ್ ಮಾಡಿದರೂ ಆ ಸಂಖ್ಯೆಯನ್ನು ಹಿಂದೆ ಅಂಟಿಸಿ ಬರೆದೆವು.

"ಹಾಗಾದರೆ ಯಾರೂ ಆಯ್ಕೆನೇ ಮಾಡಬಾರದಾ? ದುಡ್ಡು ಹಾಕುವವರು ಅಂದಾಜು ಮಾಡಲೇಬೇಕಲ್ಲ?" ಅನ್ನಬಹುದು. ಮಾಡಲಿ. ತಂಡದವರ ದುಡ್ಡು, ತಂಡದವರ ಅಂದಾಜು. ಅವರು ಆಟ ನೋಡೋಕೆ ಜನ ಇಟ್ಟಿದ್ದಾರೆ, ತಪ್ಪಾದರೆ ನಷ್ಟ ಅವರದೇ.

ಕೆನಡಾ, ಅಮೆರಿಕದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಇದೆ. ಅಲ್ಲಿಯ ಲೀಗ್ ಪ್ರತಿ ವರ್ಷ ಹದಿನೆಂಟರ ಆಸುಪಾಸಿನ ಹುಡುಗರನ್ನು ಸಾಲಾಗಿ ಆರಿಸುತ್ತದೆ. ಅದಕ್ಕೆ ಮೊದಲು ವರ್ಷಪೂರ್ತಿ ಊರೂರು ಸುತ್ತಿ ಆಟ ನೋಡಿ ಪಟ್ಟಿ ಮಾಡುವುದೇ ಕೆಲಸವಾಗಿರುವ ಜನ ಇದ್ದಾರೆ. ಅಷ್ಟು ಮಾಡಿಯೂ 1998ರಲ್ಲಿ ರಷ್ಯಾದ ಪಾವೆಲ್ ಡಾಟ್ಸುಕ್ ಎಂಬ ಹುಡುಗನನ್ನು ಆರಿಸಿದ್ದು 171ನೆಯವನಾಗಿ. ಬೇರೆ ಯಾರನ್ನೋ ನೋಡೋಕೆ ಹೋಗಿದ್ದ ಡೆಟ್ರಾಯಿಟ್ ತಂಡದ ಒಬ್ಬ ಶೋಧಕನ ಕಣ್ಣಿಗೆ ಅವನು ಬಿದ್ದಿದ್ದ. ಮುಂದೆ ಅವನು ಆ ಆಟದ ದೊಡ್ಡ ಹೆಸರಾದ. ಚಳಿಯಲ್ಲಿ ಕೂತು ನೂರಾರು ಆಟ ನೋಡಿದವರಿಗೇ ಹೀಗಾದರೆ, ಮೂರನೇ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕೂತ ನನಗೆ ನಂಬರ್ ಹಾಕುವ ಅಧಿಕಾರ ಕೊಟ್ಟವರು ಯಾರು?

ಇಂದಿರಾನಗರ ಅಂದರೆ ಕ್ರಿಕೆಟ್ ನೋಡುವವರಿಗೆ ಮೊದಲು ನೆನಪಾಗುವುದು ರಾಹುಲ್ ದ್ರಾವಿಡ್. ಜಾಹೀರಾತಿನಲ್ಲಿ ಕಾರಿನಿಂದ ತಲೆ ಹೊರಗೆ ಹಾಕಿ "ಇಂದಿರಾನಗರದ ಗೂಂಡಾ" ಅಂತ ಕೂಗಿದ್ದು ಎಲ್ಲರ ಫೋನಿಗೂ ಬಂದಿತ್ತು. 2018ರ ಆ ಕಿರಿಯರ ತಂಡದ ಕೋಚ್ ಅವರೇ. ಹರಾಜು ಪ್ರತಿ ವರ್ಷ ಬರುತ್ತೆ, ದೇಶಕ್ಕಾಗಿ ವಿಶ್ವಕಪ್ ಆಡುವ ಅವಕಾಶ ಪ್ರತಿ ವರ್ಷ ಬರೋದಿಲ್ಲ ಅನ್ನುವುದು ಅವರು ಹುಡುಗರಿಗೆ ಕೊಟ್ಟ ಬುದ್ಧಿಮಾತಿನ ಸಾರ. ಹುಡುಗರು ಸೆಮಿಫೈನಲ್ ಅನ್ನು 203 ರನ್‌ಗಳಿಂದ ಗೆದ್ದರು, ಕಪ್ಪನ್ನೂ ತಂದರು. ಜಾಹೀರಾತು ನಮಗೆ ನೆನಪಿದೆ, ಈ ಮಾತು ನೆನಪಿಲ್ಲ.

ಇನ್ನೊಂದು ಮಾತನ್ನೂ ಅವರು 2015ರ ಡಿಸೆಂಬರಿನಲ್ಲಿ, ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಹೇಳಿದ್ದರು. ವಯಸ್ಸು ಕಡಿಮೆ ತೋರಿಸಿ ಕಿರಿಯರ ತಂಡದಲ್ಲಿ ಆಡಿಸುವುದು ವಿಷ ಇದ್ದ ಹಾಗೆ, ಅದು ಪ್ರಾಮಾಣಿಕ ಹುಡುಗನ ಜಾಗ ಕಸಿಯುತ್ತದೆ, ಮೋಸವನ್ನು ಚಿಕ್ಕಂದಿನಲ್ಲೇ ಕಲಿಸುತ್ತದೆ ಅನ್ನುವ ಅರ್ಥದಲ್ಲಿ. ಪಟ್ಟಿಗೂ ಇದಕ್ಕೂ ನೇರ ನಂಟಿದೆ. "ಹದಿನಾಲ್ಕಕ್ಕೇ ಕೋಟಿ", "ಹದಿನಾರರ ಪೋರ" ಅಂತ ನಾವು ಬರೆದಷ್ಟೂ ಕಡಿಮೆ ವಯಸ್ಸಿಗೆ ಬೆಲೆ ಏರುತ್ತದೆ. ಬೆಲೆ ಏರಿದಲ್ಲಿ ಜನನ ಪ್ರಮಾಣಪತ್ರ ತಿದ್ದುವವನು ಹುಟ್ಟುತ್ತಾನೆ. ಸಿಕ್ಕಿಬಿದ್ದ ದಿನ ಶಿಕ್ಷೆ ಆಗುವುದು ತಿದ್ದಿದವನಿಗಲ್ಲ, ಹುಡುಗನಿಗೆ.

ಲೆಕ್ಕವನ್ನೂ ಒಮ್ಮೆ ನೋಡಿ. 2024ರ ನವೆಂಬರಿನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿಗೆ ಹೆಸರು ಕೊಟ್ಟವರು 1,574. ಮಾರಾಟವಾದವರು 182, ಅದರಲ್ಲಿ 62 ಮಂದಿ ವಿದೇಶಿಯರು. ಹೆಸರು ಕೊಡುವ ಹಂತಕ್ಕೆ ಬರುವುದೇ ದೊಡ್ಡ ಮಾತು, ಅಲ್ಲಿಂದ ಮುಂದೆಯೂ ಹೀಗೆ. ಆ ಹರಾಜಿನಲ್ಲೇ ಬಿಹಾರದ ಹದಿಮೂರು ವರ್ಷದ ವೈಭವ್ ಸೂರ್ಯವಂಶಿ 1.1 ಕೋಟಿಗೆ ಹೋದ, ಮರು ಏಪ್ರಿಲಿನಲ್ಲಿ 35 ಎಸೆತದಲ್ಲಿ ಶತಕ ಹೊಡೆದ. ಸಂತೋಷವೇ. ಅವನ ತಂದೆ ಜಮೀನು ಮಾರಿದರು ಅನ್ನುವ ಕಥೆಯೂ ಎಲ್ಲ ಕಡೆ ಬಂತು. ಜಮೀನು ಮಾರಿ, ಹುಡುಗ ಎಲ್ಲಿಗೂ ಹೋಗದೆ ಉಳಿದ ಮನೆಗಳ ಕಥೆ ಯಾರು ಬರೆದರು?

ಪಟ್ಟಿಯಲ್ಲಿ ಇಲ್ಲದವರ ಕಥೆಯೂ ಇದೆ. ಗದಗದ ಸುನಿಲ್ ಜೋಶಿ ಹುಡುಗನಾಗಿದ್ದಾಗ ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದರು. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತ ದಿನ ಹೆಣ್ಣುಮಕ್ಕಳಿಗೆ ಹರಾಜೇ ಇರಲಿಲ್ಲ, ಅದು ಬಂದಿದ್ದು 2023ರಲ್ಲಿ. ಇವರನ್ನು ಆಟಗಾರರನ್ನಾಗಿ ಮಾಡಿದ್ದು ಯಾವ "ಟಾಪ್ ಟೆನ್" ಪಟ್ಟಿ? ಒಂದು ಮೈದಾನ, ಹೇಳಿಕೊಡುವ ಒಬ್ಬರು, ಹೋಗಿ ಬರೋಕೆ ಒಂದು ಬಸ್ಸು. ನಿಮ್ಮ ತಾಲೂಕಿನಲ್ಲಿ ಈ ಮೂರರಲ್ಲಿ ಎಷ್ಟಿವೆ ಎಣಿಸಿ.

ಮಗನನ್ನೋ ಮಗಳನ್ನೋ ಆಟಕ್ಕೆ ಬಿಟ್ಟಿರುವ ಅಪ್ಪ ಅಮ್ಮಂದಿರಿಗೆ ನೇರವಾಗಿ ಎರಡು ಮಾತು. ಹರಾಜಿಗೆ ಹೆಸರು ಹೋಗುವುದು ರಾಜ್ಯ ಕ್ರಿಕೆಟ್ ಸಂಸ್ಥೆಯ ಮೂಲಕ. "ಆಕ್ಷನ್‌ಗೆ ಹೆಸರು ಹಾಕಿಸ್ತೀವಿ" ಅಂತ ದುಡ್ಡು ಕೇಳುವ ಅಕಾಡೆಮಿಯವರಿಗೆ, ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದಾರಿ ಶುರುವಾಗುವುದು ನಿಮ್ಮ ವಲಯದ ಕಿರಿಯರ ಪಂದ್ಯಗಳಿಂದ. ಮೈಸೂರು, ತುಮಕೂರು, ಶಿವಮೊಗ್ಗ, ಮಂಗಳೂರು, ಧಾರವಾಡ, ರಾಯಚೂರು ಅಂತ ವಲಯಗಳಿವೆ. ಆಯ್ಕೆ ಯಾವಾಗ ಅಂತ ಅಲ್ಲಿಯೇ ವಿಚಾರಿಸಿ. ಎರಡನೆಯದು, ಶಾಲೆ ಬಿಡಿಸಬೇಡಿ. ಆಟ ಕೈ ಹಿಡಿಯದೆ ಹೋದರೂ ಹುಡುಗ ಕೈಬಿಟ್ಟು ಹೋಗಬಾರದು.

ಇನ್ನು ನಮ್ಮಂತೆ ಬರೆಯುವವರಿಗೆ. ಹಳ್ಳಿಯಿಂದ ಬಂದು ಪತ್ರಿಕೋದ್ಯಮ ಓದಿದ ನಾವು ಇಂದಿರಾನಗರದ ಪಟ್ಟಿಯನ್ನು ಕನ್ನಡಕ್ಕೆ ಇಳಿಸಿ ಊರಿಗೆ ಕಳಿಸುವುದಾದರೆ, ಓದಿದ್ದು ಯಾತಕ್ಕೆ? ಹುಡುಗರ ಬಗ್ಗೆ ಬರೆಯೋಣ, ಬೇಡ ಅನ್ನುತ್ತಿಲ್ಲ. ಆದರೆ ಮೈದಾನಕ್ಕೆ ಹೋಗಿ ಬರೆಯೋಣ. ಆಟ ನೋಡಿ, ಔಟಾಗಿದ್ದನ್ನೂ ನೋಡಿ, ಕೋಚ್ ಹತ್ತಿರ, ತಾಯಿ ಹತ್ತಿರ ಮಾತಾಡಿ ಬರೆಯೋಣ. ನಂಬರ್ ಹಾಕುವುದು ಬೇಡ.

ನಾನಂತೂ ಆ ಕೆಲಸ ಬಿಟ್ಟೆ. ಅಣ್ಣನ ಒಡವೆ ಇನ್ನೂ ಬಿಡಿಸಿಕೊಂಡಿಲ್ಲ. ಹುಡುಗ ಮಾತ್ರ ಚೆನ್ನಾಗಿ ಆಡುತ್ತಿದ್ದಾನೆ, ಹೋದ ಭಾನುವಾರ ಬೌಂಡರಿ ಗೆರೆ ಹತ್ತಿರ ಕೂತು ನೋಡಿ ಬಂದೆ. ಎಡಗೈ ಸ್ಪಿನ್ ಬಂದರೆ ಸ್ವಲ್ಪ ತಡವರಿಸುತ್ತಾನೆ. ಮುಂದೆ ಏನಾಗುತ್ತಾನೆ ಅಂತ ಅಣ್ಣ ಕೇಳಿದರು. ಗೊತ್ತಿಲ್ಲ ಅಣ್ಣ ಅಂದೆ. ಮೊದಲ ಪಟ್ಟಿಯಲ್ಲೇ ಬರೆಯಬೇಕಿದ್ದ ಮಾತು ಅದು.