ಪಂಪಿಗೆ ಮೆಕ್ಯಾನಿಕ್, ಭುಜಕ್ಕೆ ಬರೀ ಎಣ್ಣೆಯೇ?

ಎರಡು ವರ್ಷದ ಹಿಂದೆ, ಜುಲೈ ತಿಂಗಳು. ಅಡಿಕೆಗೆ ಎರಡನೇ ಸಲ ಬೋರ್ಡೋ ಹೊಡೆಸುವ ಗಡಿಬಿಡಿ. ಕೊಡ ಹಿಡಿದು ತೋಟದ ಸಂಕ ದಾಟುವಾಗ ಕಾಲು ಜಾರಿತು, ಬಲಗೈ ಊರಿ ಬಿದ್ದೆ. ಮೂಳೆ ಮುರಿದಿರಲಿಲ್ಲ, ಬಾವೂ ಅಷ್ಟಿಲ್ಲ. ‘ಉಳುಕಿದೆ ಅಷ್ಟೆ, ಎಣ್ಣೆ ತಿಕ್ಕಿದ್ರೆ ಸರಿ ಹೋಗ್ತದೆ’ ಅಂದರು ಎಲ್ಲರೂ. ನಾನೂ ನಂಬಿದೆ. ನಂಬಿದರೆ ಕೆಲಸ ನಿಲ್ಲಿಸಬೇಕಾಗಿರಲಿಲ್ಲವಲ್ಲ!

ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಮಗ ಮೆಲ್ಲಗೆ ಎತ್ತಿದರೆ ಕೈ ಮೇಲೆ ಹೋಗುತ್ತಿತ್ತು, ನಾನಾಗಿ ಎತ್ತಿದರೆ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಅದೇ ದೊಡ್ಡ ಸೂಚನೆ ಅಂತ ಯಾರಿಗೆ ಗೊತ್ತಿತ್ತು? ಕೊನೆ ಕೊಯ್ಲು ಮುಗಿಸಿ ಮೂಳೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇಯಲ್ಲಿ ಮೂಳೆ ಸರಿ ಇತ್ತು. ಎಂಆರ್‌ಐಯಲ್ಲಿ ಭುಜ ಎತ್ತುವ ಸ್ನಾಯುವಿನ ರಜ್ಜು ಪೂರ್ತಿ ಹರಿದಿದ್ದು ಕಂಡಿತು. ಹರಿದ ತುದಿ ಹಿಂದೆ ಸರಿದು, ಸ್ನಾಯು ಸೊರಗಿತ್ತು. ‘ಮೊದಲೇ ಬಂದಿದ್ರೆ ಹೊಲಿಗೆ ಸುಲಭ ಇತ್ತು’ ಅಂದರು. ಆಪರೇಷನ್ ಆಯಿತು, ಆರು ವಾರ ಕೈ ಜೋಳಿಗೆಯಲ್ಲಿ, ಆಮೇಲೆ ತಿಂಗಳುಗಟ್ಟಲೆ ವ್ಯಾಯಾಮ. ಈಗ ಊಟ, ಬರವಣಿಗೆ ಎಲ್ಲ ಆಗ್ತದೆ. ದೋಟಿ ಹಿಡಿಯೋದು ಆಗೋದಿಲ್ಲ.

ಪಂಪಿನ ಸದ್ದು ಸ್ವಲ್ಪ ಬದಲಾದರೆ ಅದೇ ದಿನ ಮೆಕ್ಯಾನಿಕ್‌ಗೆ ಫೋನ್ ಮಾಡುವವರು ನಾವು. ಭುಜಕ್ಕೆ ಮಾತ್ರ ‘ಕೊಯ್ಲು ಮುಗೀಲಿ’ ಅಂತೇವೆ. ಇದು ಗಟ್ಟಿತನ ಅಲ್ಲ, ದಡ್ಡತನ ಅಂತಲೇ ನನ್ನ ಅಭಿಪ್ರಾಯ.

ಎಲ್ಲ ನೋವಿಗೂ ಓಡಬೇಕಿಲ್ಲ. ಹದಿನಾರು ಲೀಟರಿನ ಸ್ಪ್ರೇಯರ್ ತುಂಬಿದರೆ ನೀರಿನ ಭಾರವೇ 16 ಕಿಲೋ. ದಿನವಿಡೀ ಹೊತ್ತರೆ ಹೆಗಲು ನೋಯದೆ ಇರುತ್ತದೆಯೇ? ಅರ್ಧ ತುಂಬಿಸಿ, ಅಗಲ ಪಟ್ಟಿ ಹಾಕಿಸಿ, ಎರಡು ದಿನ ಬಿಡುವು ಕೊಡಿ. ಅಂಥ ನೋವು ಸಾಮಾನ್ಯವಾಗಿ ಇಳಿಯುತ್ತದೆ. ಎರಡು ಮೂರು ವಾರವಾದರೂ ಇಳಿಯದಿದ್ದರೆ ತೋರಿಸಿ. ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಭುಜದ ಆಕಾರ ಬದಲಾದರೆ, ಬೆರಳು ಜೋಮು ಹಿಡಿದರೆ ಅದೇ ದಿನ ಹೋಗಿ. ಕೀಲು ತಪ್ಪಿದಾಗ ಊರಿನಲ್ಲಿ ಯಾರದೋ ಕೈಲಿ ಎಳೆಸಬೇಡಿ, ಜತೆಗೆ ಮೂಳೆಯೂ ಮುರಿದಿರಬಹುದು, ನರಕ್ಕೂ ಪೆಟ್ಟಾಗಬಹುದು. ಜ್ವರದ ಜತೆ ಕೀಲು ಬಿಸಿಯಾಗಿ ಊದಿದರೂ ತಡ ಬೇಡ. ಎಡಭುಜದ ನೋವಿನ ಜತೆ ಎದೆ ಬಿಗಿತ, ಬೆವರು ಇದ್ದರೆ ಅದು ಹೃದಯದ್ದಿರಬಹುದು, ಮೂಳೆ ಡಾಕ್ಟರನ್ನು ಹುಡುಕುತ್ತಾ ಕೂರದೆ ತುರ್ತು ಚಿಕಿತ್ಸೆಗೆ ಓಡಿ.

ಸಕ್ಕರೆ ಕಾಯಿಲೆ ಇದ್ದವರಿಗೆ ಏನೂ ಪೆಟ್ಟಾಗದೆಯೂ ಭುಜ ಬಿಗಿದುಕೊಳ್ಳುವುದುಂಟು. ಬೇರೆಯವರು ಎತ್ತಿದರೂ ಕೈ ಏಳುವುದಿಲ್ಲ. ಅದರ ಚಿಕಿತ್ಸೆಯೇ ಬೇರೆ.

ಮೊನ್ನೆ ಪಕ್ಕದ ತೋಟದ ಹುಡುಗ ಏಣಿಯಿಂದ ಬಿದ್ದ. ‘ಅಣ್ಣ, ಎಣ್ಣೆ ಇದ್ಯಾ?’ ಅಂತ ನಮ್ಮನೆಗೇ ಬಂದಿದ್ದ. ಎಣ್ಣೆ ಕೊಡಲಿಲ್ಲ. ಕೈಗೆ ಪಂಚೆ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಪೇಟೆಗೆ ಕರೆದುಕೊಂಡು ಹೋದೆ.