215ರ ಭಜನೆ ಸಾಕು ಮಾಡಿ

ಐಸ್ ಹಾಕಿಯಲ್ಲಿ ಒಬ್ಬ ಆಟಗಾರ ಆಡಿದ ಅತಿ ಶ್ರೇಷ್ಠ ಸೀಸನ್ ಯಾವುದು ಅಂತ ಯಾರನ್ನೇ ಕೇಳಿ, ಉತ್ತರ ರೆಡಿ. ವೇಯ್ನ್ ಗ್ರೆಟ್ಸ್ಕಿ, 1985-86, 215 ಪಾಯಿಂಟ್. ಅಲ್ಲಿಗೆ ಚರ್ಚೆ ಮುಗೀತು! ದೊಡ್ಡ ಅಂಕಿ ಕಂಡ ಕೂಡಲೇ ಕೈ ಮುಗಿಯೋ ಚಟ ಕ್ರಿಕೆಟ್ ನೋಡಿ ಬೆಳೆದ ನಮಗೇನೂ ಹೊಸದಲ್ಲ ಬಿಡಿ. ಆದ್ರೂ ಈ ಭಜನೆಗೆ ನಾನು ತಾಳ ಹಾಕಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಗೋಲ್ ಹೊಡೆದವನಿಗೆ ಒಂದು ಪಾಯಿಂಟ್, ಅದಕ್ಕೆ ಪಾಸ್ ಕೊಟ್ಟವನಿಗೂ ಒಂದು. ಎರಡನೆಯದಕ್ಕೆ ಅಸಿಸ್ಟ್ ಅಂತಾರೆ. ಗ್ರೆಟ್ಸ್ಕಿ ಆ ವರ್ಷ 80 ಪಂದ್ಯಗಳಲ್ಲಿ 52 ಗೋಲ್, 163 ಅಸಿಸ್ಟ್ ಮಾಡಿದ. ಎನ್‌ಎಚ್‌ಎಲ್‌ನಲ್ಲಿ ಆ ದಾಖಲೆ ಇವತ್ತಿಗೂ ಅಲುಗಾಡಿಲ್ಲ. ಒಪ್ಪಿದೆ. ಆದರೆ ಆ ಸೀಸನ್ ಮುಗಿದದ್ದು ಹೇಗೆ? ಅವನ ಎಡ್ಮಂಟನ್ ತಂಡ ಪ್ಲೇಆಫ್‌ನ ಎರಡನೇ ಸುತ್ತಿನಲ್ಲೇ ಕ್ಯಾಲ್ಗರಿಗೆ ಸೋತು ಮನೆಗೆ ಹೋಯಿತು. ಊಟ ಅರ್ಧಕ್ಕೇ ಮುಗಿದರೂ ಪಾಯಸ ಚೆನ್ನಾಗಿತ್ತು ಅಂದ ಹಾಗಾಯ್ತು.

ತಮಾಷೆ ಏನು ಗೊತ್ತಾ? ಗ್ರೆಟ್ಸ್ಕಿ ಭಕ್ತರಿಗೆ ಅವರ ದೇವರ ಒಳ್ಳೇ ವರ್ಷವೇ ಕಣ್ಣಿಗೆ ಬಿದ್ದಿಲ್ಲ. 1984-85ರಲ್ಲಿ ಅವನದು 208 ಪಾಯಿಂಟ್. ಅದರ ಮೇಲೆ ಪ್ಲೇಆಫ್‌ನಲ್ಲಿ 47. ಸ್ಟಾನ್ಲಿ ಕಪ್ಪೂ ಬಂತು, ಪ್ಲೇಆಫ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿಯೂ ಬಂತು. ಬರೀ ಏಳು ಪಾಯಿಂಟ್ ಹೆಚ್ಚು ಅಂತ ಇದನ್ನು ಬಿಟ್ಟು 1985-86ನ್ನು ತಲೆ ಮೇಲೆ ಹೊತ್ತು ತಿರುಗೋದಾ?

ಹಾಗಾದ್ರೆ 1984-85ಕ್ಕೆ ನನ್ನ ಓಟಾ? ಅಲ್ಲ. ನನ್ನ ಓಟು ಬಾಬಿ ಓರ್‌ಗೆ, 1969-70.

ಓರ್ ಬೋಸ್ಟನ್ ತಂಡದ ಡಿಫೆನ್ಸ್ ಆಟಗಾರ. ಗೋಲ್ ತಡೆಯೋದು ಅವನ ಕೆಲಸ. ಅಂಥವನು 120 ಪಾಯಿಂಟ್ ಮಾಡಿ ಇಡೀ ಲೀಗ್‌ನಲ್ಲೇ ಮೊದಲಿಗನಾದ. ಎರಡನೆಯವನು ಅವನದೇ ತಂಡದ ಫಾರ್ವರ್ಡ್ ಫಿಲ್ ಎಸ್ಪೊಸಿಟೊ, 99. ಅದಕ್ಕೂ ಮುಂಚೆ ಯಾವ ಡಿಫೆನ್ಸ್ ಆಟಗಾರನೂ ನೂರು ಮುಟ್ಟಿರಲಿಲ್ಲ. ಟೆಸ್ಟ್ ತಂಡದ ಮುಖ್ಯ ಬೌಲರೇ ವರ್ಷದ ರನ್ ಪಟ್ಟಿಯಲ್ಲೂ ಮೊದಲು ಬಂದ ಅಂತ ಊಹಿಸಿಕೊಳ್ಳಿ. ಹಾರ್ಟ್, ಆರ್ಟ್ ರಾಸ್, ನಾರಿಸ್, ಕಾನ್ ಸ್ಮೈತ್ ಈ ನಾಲ್ಕೂ ಟ್ರೋಫಿಗಳನ್ನು ಒಂದೇ ಸೀಸನ್‌ನಲ್ಲಿ ಗೆದ್ದವನು ಅವನೊಬ್ಬನೇ. 1970ರ ಮೇ 10ರಂದು ಓವರ್‌ಟೈಮ್ ಶುರುವಾಗಿ 40 ಸೆಕೆಂಡಿಗೆ ಕಪ್ ಗೆಲ್ಲಿಸಿದ ಗೋಲೂ ಅವನದೇ. ಎದುರಾಳಿ ಕಾಲಿಗೆ ಅಡ್ಡ ಹಾಕಿದ್ದಕ್ಕೆ ಗಾಳಿಯಲ್ಲಿ ಹಾರಿದ ಆ ಫೋಟೋ ನೀವೂ ನೋಡಿರಬಹುದು. ಬೋಸ್ಟನ್‌ಗೆ 29 ವರ್ಷದ ನಂತರ ಸಿಕ್ಕ ಕಪ್ ಅದು. ಹುಡುಗನಿಗೆ ಆಗ ಬರೀ 22.

"1967ರಲ್ಲಿ ಆರು ತಂಡದ ಲೀಗು ಹನ್ನೆರಡಾಗಿತ್ತು, ಎದುರಾಳಿಗಳು ದುರ್ಬಲ" ಅಂತೀರಾ? ಸರಿ. ಆದರೆ ಗ್ರೆಟ್ಸ್ಕಿ ಕಾಲದಲ್ಲಿ ಪಂದ್ಯಕ್ಕೆ ಎರಡೂ ಕಡೆ ಸೇರಿ ಸುಮಾರು 8 ಗೋಲ್ ಬೀಳುತ್ತಿದ್ದವು, ಓರ್ ಕಾಲದಲ್ಲಿ 6ಕ್ಕೂ ಕಡಿಮೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. "1970-71ರಲ್ಲಿ ಓರ್ 139 ಪಾಯಿಂಟ್ ಮಾಡಿದ್ದಾನಲ್ಲ?" ಮಾಡಿದ್ದಾನೆ, ಆದರೆ ಆ ವರ್ಷ ಬೋಸ್ಟನ್ ಮೊದಲ ಸುತ್ತಿನಲ್ಲೇ ಸೋತಿತು. ಗ್ರೆಟ್ಸ್ಕಿಗೆ ಹಿಡಿದ ಅಳತೆಗೋಲನ್ನೇ ಓರ್‌ಗೂ ಹಿಡಿಯಬೇಕಲ್ಲ. 1992-93ರಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದೂ 60 ಪಂದ್ಯಗಳಲ್ಲಿ 160 ಪಾಯಿಂಟ್ ಮಾಡಿದ ಮಾರಿಯೋ ಲೆಮ್ಯೂನನ್ನು ನೆನೆದರೆ ಕಣ್ಣು ಒದ್ದೆಯಾಗುತ್ತೆ. ಆದರೂ ಎರಡನೇ ಸುತ್ತಿನಲ್ಲಿ ಅವನ ತಂಡವೂ ಹೊರಬಿತ್ತು.

ಗ್ರೆಟ್ಸ್ಕಿ ತನ್ನ ಕೆಲಸವನ್ನು ಬೇರೆ ಯಾರೂ ಮಾಡದಷ್ಟು ಚೆನ್ನಾಗಿ ಮಾಡಿದ. ಓರ್ ತನ್ನ ಕೆಲಸದ ಜೊತೆಗೆ ಉಳಿದವರ ಕೆಲಸವನ್ನೂ ಅವರಿಗಿಂತ ಚೆನ್ನಾಗಿ ಮಾಡಿದ. ಮೊಣಕಾಲು ಕೈಕೊಟ್ಟು ಮೂವತ್ತಕ್ಕೇ ಅವನ ಆಟ ಮುಗೀತು, ಹಾಗಾಗಿ ಒಟ್ಟು ಮೊತ್ತದ ಪಟ್ಟಿಗಳಲ್ಲಿ ಅವನ ಹೆಸರು ಎಲ್ಲೋ ಕೆಳಗಿರುತ್ತೆ. ಪಟ್ಟಿಯನ್ನಷ್ಟೇ ನೋಡೋರಿಗೆ ಅವನು ಕಾಣೋದೇ ಇಲ್ಲ. ನನ್ನ ಸಿಟ್ಟು ಇರೋದು ಅದಕ್ಕೇ.

ಒಪ್ಪದವರು ಜಗಳಕ್ಕೆ ಬನ್ನಿ. ಬರೀ 215 ಹಿಡ್ಕೊಂಡು ಮಾತ್ರ ಬರಬೇಡಿ :-)