ಎಂಜಿನ್ ಬಿಡಿ ಮಾರಾಯ್ರೇ, ನೆಲ ನೋಡಿ!

ತೊಕ್ಕೊಟ್ಟಿನಿಂದ ಒಂದು ಕಾಗದ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಯಾರೋ ಮನೆಯಂತೆ ಮಾಡಿಸಿ, ನಾಲ್ಕಾರು ವರ್ಷ ಓಡಿಸಿ ಬಿಟ್ಟ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡಿದ್ದಾರಂತೆ. ಒಳಗೆ ಎರಡು ಮಂಚ, ಸಣ್ಣ ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಒಂದು ಏಸಿ, ಅದಕ್ಕೊಂದು ಜನರೇಟರ್. ದೀಪಾವಳಿ ಕಳೆದ ಮೇಲೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಗೋವಾ, ಮುಂಬೈ, ರಾಜಸ್ಥಾನ, ಆಮೇಲೆ ಸೀದಾ ದೆಹಲಿ! ಅವರ ಪ್ರಶ್ನೆ ಎರಡೇ: "ಎಂಜಿನ್ ತಡೆದೀತಾ? ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸಬಹುದು? ಸಿನಿಮಾ ಪತ್ರಿಕೆಗೆ ಇಂಥದ್ದು ಕೇಳ್ತಾನಲ್ಲ ಅಂತ ನಗಬೇಡಿ."

ನಗುವುದೇಕೆ ಸ್ವಾಮಿ? ಕ್ಯಾರವಾನ್ ಅಂದರೇನು ಎಂದು ನಮ್ಮ ಜನಕ್ಕೆ ತೋರಿಸಿದ್ದೇ ಸಿನಿಮಾ. 1971ರಲ್ಲಿ ನಾಸಿರ್ ಹುಸೇನ್ ಅವರ 'ಕಾರವಾಂ' ಬಂತು. ಜಿತೇಂದ್ರ, ಆಶಾ ಪಾರೇಖ್, ಆರ್. ಡಿ. ಬರ್ಮನ್ ಸಂಗೀತ. ತಪ್ಪಿಸಿಕೊಂಡು ಓಡುವ ನಾಯಕಿ, ಊರೂರು ಸುತ್ತುವ ಆಟದ ತಂಡ, ಅವರ ಗಾಡಿ. ಗಾಡಿಯಲ್ಲೇ ಸಂಸಾರ, ಗಾಡಿಯಲ್ಲೇ ಪ್ರೇಮ! ಅದನ್ನು ನೋಡಿ ಬಂದವರಲ್ಲಿ ಎಷ್ಟು ಜನ ಇಂಥದ್ದೊಂದು ನಮಗೂ ಇದ್ದಿದ್ದರೆ ಅಂದುಕೊಂಡರೋ!

ಆದರೆ ಪರದೆಯ ಮೇಲೆ ಗಾಡಿ ಬಂದರೂ ಪರದೆಯ ಹಿಂದೆ ಬರಲಿಲ್ಲ. ಹೊರಾಂಗಣ ಚಿತ್ರೀಕರಣ ಅಂದರೆ ನಾಯಕಿ ಸೀರೆ ಬದಲಿಸುವುದು ಪೊದೆಯ ಮರೆಯಲ್ಲಿ, ಸುತ್ತ ನಾಲ್ಕು ಜನ ಬೆಡ್‌ಶೀಟು ಹಿಡಿದು ನಿಲ್ಲಬೇಕು. ಹಿಂದಿ ಚಿತ್ರರಂಗಕ್ಕೆ ವ್ಯಾನಿಟಿ ವ್ಯಾನ್ ತಂದ ಹೆಗ್ಗಳಿಕೆಯನ್ನು ನಟಿ ಪೂನಂ ಧಿಲ್ಲೋನ್ ಅವರಿಗೆ ಕೊಡುತ್ತಾರೆ. ಈಗಂತೂ ನಮ್ಮ ಗಾಂಧಿನಗರದ ಮಾತಿನಲ್ಲೂ 'ಕ್ಯಾರವಾನ್ ಇದೆಯಾ?' ಅನ್ನುವುದು 'ಊಟ ಆಯ್ತಾ?' ಅನ್ನುವಷ್ಟು ಸಹಜ.

ಹಾಗಂತ ಸ್ಟಾರಿನ ಕ್ಯಾರವಾನ್ ಬೇರೆ, ತೊಕ್ಕೊಟ್ಟಿನವರ ಮನೆಗಾಡಿ ಬೇರೆ. ಸ್ಟಾರು ಅದರೊಳಗೆ ಕೂರುವುದು ಎರಡು ಶಾಟ್‌ಗಳ ನಡುವೆ. ಎಚ್ಚರವಾಗಿರುತ್ತಾರೆ, ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಬಾಗಿಲು ತಟ್ಟುತ್ತಾರೆ. ಶೂಟಿಂಗಿನ ದೊಡ್ಡ ಜನರೇಟರ್ ವ್ಯಾನನ್ನು ದೂರ ನಿಲ್ಲಿಸಿ ಉದ್ದನೆಯ ಕೇಬಲ್ ಎಳೆದಿರುತ್ತಾರೆ, ಸದ್ದು ಮೈಕಿಗೆ ಬೀಳಬಾರದು ಅಂತ. ನಮ್ಮ ಓದುಗರು ಮಾತ್ರ ತಮ್ಮ ಗಾಡಿಯೊಳಗೆ ಹೆಂಡತಿ ಮಕ್ಕಳ ಸಮೇತ ರಾತ್ರಿಯಿಡೀ ಬಾಗಿಲು ಹಾಕಿಕೊಂಡು *ಮಲಗುತ್ತಾರೆ*. ವ್ಯತ್ಯಾಸ ಇರುವುದು ಇಲ್ಲೇ. ಆದ್ದರಿಂದ ಎಂಜಿನ್ ಪ್ರಶ್ನೆಗೆ ಆಮೇಲೆ ಬರೋಣ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಅಷ್ಟೇ. ನಿಂತ ಗಾಡಿಯಲ್ಲಿ ಏನಾಗುತ್ತದೆ ಅನ್ನುವುದು ದೊಡ್ಡ ಪ್ರಶ್ನೆ.

ತೊಕ್ಕೊಟ್ಟಿನಲ್ಲಿ ಫ್ಲೈಓವರ್ ಹತ್ತಿದ ಹೆದ್ದಾರಿ 66 ಇದೆಯಲ್ಲ, ಹಿಂದೆ 17 ಅನ್ನುತ್ತಿದ್ದೆವು, ಅದೇ ರಸ್ತೆ ತಲಪಾಡಿ ದಾಟಿ ಕಾಸರಗೋಡು, ಕಣ್ಣೂರು ಹಾದು ಕೋಝಿಕ್ಕೋಡ್ ಜಿಲ್ಲೆಯ ವಡಕರಕ್ಕೆ ಹೋಗುತ್ತದೆ. 2024ರ ಡಿಸೆಂಬರ್ 23ರಂದು ವಡಕರದ ಬಳಿ ಈ ಹೆದ್ದಾರಿಯ ಬದಿಯಲ್ಲಿ ನಿಂತಿದ್ದ ಒಂದು ಕ್ಯಾರವಾನ್‌ನೊಳಗೆ ಇಬ್ಬರು ಶವವಾಗಿ ಸಿಕ್ಕಿದರು. ಇಬ್ಬರೂ ಆ ಗಾಡಿಯ ಕೆಲಸದವರೇ. ಡಿಕ್ಕಿ ಇಲ್ಲ, ಬೆಂಕಿ ಇಲ್ಲ, ಮೈಮೇಲೆ ಗಾಯ ಇಲ್ಲ. ಗಾಡಿ ನಿಲ್ಲಿಸಿ, ಬಾಗಿಲು ಹಾಕಿ, ಜನರೇಟರಿನಿಂದ ಏಸಿ ಓಡಿಸಿಕೊಂಡು ವಿಶ್ರಾಂತಿ ತೆಗೆದುಕೊಂಡಿದ್ದರು. ಆಮೇಲೆ ಕೋಝಿಕ್ಕೋಡಿನ ಎನ್‌ಐಟಿ ತಜ್ಞರು ಬಂದು ಗಾಡಿಯನ್ನೇ ಪರೀಕ್ಷೆಗೆ ಒಡ್ಡಿದಾಗ ಗೊತ್ತಾಯಿತು: ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಅನಿಲ ಗಾಡಿಯ ತಳದಲ್ಲಿದ್ದ ತೂತಿನಿಂದ ಒಳಗೆ ಬಂದಿತ್ತು.

ಒಂದು ತೂತು, ಮಾರಾಯ್ರೇ!

ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಮಂಪರು. ಎಚ್ಚರವಿದ್ದವನಿಗೆ ಏನೋ ಸರಿಯಿಲ್ಲ ಅನ್ನಿಸೀತು. ಮಲಗಿದವನಿಗೆ ಏನೂ ಅನ್ನಿಸುವುದಿಲ್ಲ. ಸಿನಿಮಾದಲ್ಲಾದರೆ ಖಳನಾಯಕ ಬರುವಾಗ ಹಿನ್ನೆಲೆ ಸಂಗೀತ ಕೇಳಿಸುತ್ತದೆ. ಇವನು ಸದ್ದಿಲ್ಲದೆ ಬರುವ ಖಳನಾಯಕ.

ಈಗ ಹಳೇ ಗಾಡಿಗೂ ನಮ್ಮ ಕರಾವಳಿಗೂ ಇದರ ಸಂಬಂಧ ನೋಡಿ. ಉಳ್ಳಾಲ, ಸೋಮೇಶ್ವರದ ಉಪ್ಪುಗಾಳಿ ಗೊತ್ತಲ್ಲ? ಕಿಟಕಿ ಸರಳು ನಾಲ್ಕು ಮಳೆಗಾಲ ತಡೆಯುವುದಿಲ್ಲ. ಗಾಡಿಯ ತಳವೂ ಕಬ್ಬಿಣದ್ದೇ ಅಲ್ಲವೇ? ಮೇಲೆ ಚೆಂದದ ವಿನೈಲ್ ಹಾಸಿರುತ್ತಾರೆ, ಕೆಳಗೆ ತುಕ್ಕು ಅಪ್ಪಳ ಮಾಡಿ ಇಟ್ಟಿರುತ್ತದೆ. ಅದರ ಮೇಲೆ, ಮನೆ ಮಾಡುವಾಗ ನೀರಿನ ಪೈಪಿಗೊಂದು, ಕರೆಂಟಿನ ವಯರಿಗೊಂದು, ಗ್ಯಾಸ್ ಕೊಳವೆಗೊಂದು ಅಂತ ತೂತು ಕೊರೆದಿರುತ್ತಾರೆ. ಯಾವುದನ್ನು ಮುಚ್ಚಿದ್ದಾರೆ, ಯಾವುದನ್ನು ಮರೆತಿದ್ದಾರೆ, ದೇವರೇ ಬಲ್ಲ. ಅದಕ್ಕೇ ಹೇಳಿದ್ದು, ನೆಲ ನೋಡಿ ಅಂತ.

ಹೇಗೆ ನೋಡುವುದು? ಸುಲಭ. ರಾತ್ರಿ ಗಾಡಿಯೊಳಗಿನ ಹಾಸು ತೆಗೆಸಿ. ನೀವು ಒಳಗೆ ಕೂತು ಬಾಗಿಲು ಕಿಟಕಿ ಮುಚ್ಚಿ, ದೀಪ ಆರಿಸಿ. ಮಗನ ಕೈಗೆ ಟಾರ್ಚು ಕೊಟ್ಟು ಗಾಡಿಯ ಅಡಿಯಿಂದ ಬೆಳಕು ಬಿಡಲು ಹೇಳಿ. ಎಲ್ಲೆಲ್ಲಿ ನಕ್ಷತ್ರ ಕಾಣುತ್ತದೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಹಗಲಿನಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ಚಾಸಿ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ಹಾಳಾದದ್ದು ಡೊಬ್ಬ್ ಅನ್ನುತ್ತದೆ. ತಳದ ಸಣ್ಣ ತೂತು ಮುಚ್ಚಬಹುದು, ಬೆಸುಗೆ ಹಾಕಿಸಬಹುದು. ಚಾಸಿಯೇ ತಿಂದುಹೋಗಿದ್ದರೆ ಗಾಡಿ ತೋಟದ ಮನೆಯಲ್ಲಿ ನಿಲ್ಲಿಸಲು ಸರಿ, ರಾಜಸ್ಥಾನಕ್ಕಲ್ಲ. ಸೈಲೆನ್ಸರ್ ಕೊಳವೆಯ ಜೋಡಣೆಗಳಲ್ಲಿ ಕಪ್ಪು ಮಸಿ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ ಅಂತ ಅರ್ಥ.

ಇನ್ನು ತೂತೆಲ್ಲ ಮುಚ್ಚಿದರೂ ಒಂದು ನಿಯಮ ಬಿಡಬೇಡಿ: ಗಾಡಿಯೊಳಗೆ ಯಾರಾದರೂ ಮಲಗಿದ್ದಾಗ ಜನರೇಟರೂ ಬೇಡ, ಎಂಜಿನ್ನೂ ಬೇಡ. ಸೆಖೆ ಅಂತೀರಾ? ಕಿಟಕಿಗೆ ಸೊಳ್ಳೆಪರದೆ ಬಿಗಿದು ತೆರೆದಿಡಿ, ಫ್ಯಾನ್ ಹಾಕಿ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 1200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 20 ವ್ಯಾಟಿನ ಫ್ಯಾನು 8 ಗಂಟೆ ತಿರುಗಿದರೆ ತಿನ್ನುವುದು 160. ಎರಡು ಫ್ಯಾನ್ ಹಾಕಿದರೂ ಬೆಳಿಗ್ಗೆಗೆ ಉಳಿಯುತ್ತದೆ. ಆ ಬ್ಯಾಟರಿ ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಗಿಂತ ಬೇರೆಯಾಗಿರಲಿ, ಇಲ್ಲದಿದ್ದರೆ ಬೆಳಿಗ್ಗೆ ಎಲ್ಲರೂ ಇಳಿದು ತಳ್ಳಬೇಕು. ಕಾರ್ಬನ್ ಮೊನಾಕ್ಸೈಡ್ ಬಂದರೆ ಕಿರುಚುವ ಪುಟ್ಟ ಅಲಾರಂ ಸಿಗುತ್ತದೆ. ಮಂಚದ ಹತ್ತಿರ ಹಾಕಿಸಿ. ಹೊಸ ಮ್ಯೂಸಿಕ್ ಸಿಸ್ಟಮ್ಮಿಗೆ ಮೊದಲು ಇದು.

ಅಡುಗೆ ಗ್ಯಾಸಿನ ಮಾತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಬಂದು ಕೂರುತ್ತದೆ. ಆದ್ದರಿಂದ ಸಿಲಿಂಡರಿಗೆ ಮಲಗುವ ಕೋಣೆಯಿಂದ ಬೇರೆಯಾದ, ಬಿಗಿಯಾಗಿ ಮುಚ್ಚುವ ಗೂಡು ಬೇಕು. ಆ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಬೇಕು. ನೆಲದ ತೂತು ಮುಚ್ಚಿ ಅಂದವರು ಇಲ್ಲಿ ತೆರೆಯಿರಿ ಅಂತೀರಲ್ಲ ಅನ್ನಬೇಡಿ. ಅದು ಮಲಗುವವರ ನೆಲ, ಇದು ಸಿಲಿಂಡರಿನ ಗೂಡು. ಗಾಡಿ ಓಡುವಾಗ ಸಿಲಿಂಡರ್ ಬಂದ್. ಅಡುಗೆಯನ್ನು ಆದಷ್ಟು ಹೊರಗೆ ಮಾಡಿ, ಮಕ್ಕಳಿಗೂ ಖುಷಿ.

ಎಲ್ಲಿ ನಿಲ್ಲಿಸುವುದು? ನೀವು ಹೋಗುವ ದಾರಿಯಲ್ಲೇ ಅಂಕೋಲದ ಶಿರೂರು ಇದೆ. 2024ರ ಜುಲೈ 16ರಂದು ಅಲ್ಲಿ ಗುಡ್ಡ ಜರಿದು ಹೆದ್ದಾರಿಯ ಮೇಲೆ ಬಿತ್ತು. ಚಾ ಅಂಗಡಿಯೂ, ಅಲ್ಲಿದ್ದ ಜನರೂ ಹೋದರು. ಮರದ ದಿಮ್ಮಿ ಹೊತ್ತು ಬರುತ್ತಿದ್ದ ಕೇರಳದ ಲಾರಿಯೊಂದು ಚಾಲಕನ ಸಮೇತ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳು ದಾಟಿದ ಮೇಲೆ, ಸೆಪ್ಟೆಂಬರಿನಲ್ಲಿ. ಮೂರೇ ವಾರದ ಬಳಿಕ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಲಾರಿಯೊಂದರ ಸಮೇತ ಕುಸಿಯಿತು. ಆ ಚಾಲಕನನ್ನು ಪುಣ್ಯಕ್ಕೆ ಬದುಕಿಸಿದರು. ದೀಪಾವಳಿ ಕಳೆದ ಮೇಲೆ ಹೊರಡುವ ನಿಮ್ಮ ಯೋಚನೆ ಆದ್ದರಿಂದ ಬಹಳ ಸರಿ. ಆದರೂ ಕಡಿದ ಗುಡ್ಡದ ಬುಡದಲ್ಲಿ, ಹೊಳೆಯ ದಂಡೆಯಲ್ಲಿ, ಹೆದ್ದಾರಿಯ ಅಂಚಿನಲ್ಲಿ ರಾತ್ರಿ ಕಳೆಯಬೇಡಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಹಗಲಿಗೆ ಸ್ವರ್ಗ, ರಾತ್ರಿಗೆ ಲಾರಿಗಳ ರಾಜ್ಯ. ಜನವಸತಿ ಇರುವ ಕಡೆ, ದೊಡ್ಡ ಪೆಟ್ರೋಲ್ ಬಂಕಿನಲ್ಲೋ ದೇವಸ್ಥಾನದ ಬಯಲಿನಲ್ಲೋ ಕೇಳಿ, ಒಪ್ಪಿಗೆ ಪಡೆದು ನಿಲ್ಲಿಸಿ.

ಈಗ ನಿಮ್ಮ ಎರಡನೇ ಪ್ರಶ್ನೆ, ದಿನಕ್ಕೆ ಎಷ್ಟು ಕಿಲೋಮೀಟರ್? ಕಿಲೋಮೀಟರಿನ ಲೆಕ್ಕ ಬಿಡಿ, ಸೂರ್ಯನ ಲೆಕ್ಕ ಇಡಿ. ಬೆಳಕು ಹರಿದ ಮೇಲೆ ಹೊರಡಿ, ಮುಳುಗುವ ಮುಂಚೆ ನಿಲ್ಲಿಸಿ. 1990ರ ಸೆಪ್ಟೆಂಬರ್ 30 ಕನ್ನಡದ ಯಾವ ಪ್ರೇಕ್ಷಕ ಮರೆತಾನು? 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆ ಲೋಕಾಪುರಕ್ಕೆ ಹೊರಟಿದ್ದ ಶಂಕರ್‌ನಾಗ್ ದಾವಣಗೆರೆ ಬಳಿ ಆನಗೋಡಿನಲ್ಲಿ ತೀರಿಕೊಂಡರು. ವಯಸ್ಸು 35. ನಾಲ್ಕು ವರ್ಷದ ಮೇಲೆ, 1994ರಲ್ಲಿ, ನಮ್ಮ ಕರಾವಳಿಯ ಹುಡುಗ, 'ಶ್ರುತಿ'ಯ ಸುನಿಲ್, ಚಿತ್ರದುರ್ಗದ ಹತ್ತಿರ ರಸ್ತೆಯಲ್ಲೇ ಹೋದರು. ಆ ಅಪಘಾತಗಳ ಕಾರಣ ಕೆದಕುವುದು ನಮ್ಮ ಕೆಲಸವಲ್ಲ. ಇಷ್ಟು ಮಾತ್ರ ಹೇಳಬಹುದು: ಕಲಾವಿದರಿಗೆ ಕಾಲ್‌ಶೀಟ್ ಇರುತ್ತದೆ, ಹೊತ್ತಿಗೆ ತಲುಪಲೇಬೇಕು. ನಿಮಗೆ ಯಾವ ಕಾಲ್‌ಶೀಟು? ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡವನಿಗೆ ಎಲ್ಲೂ ತಲುಪುವ ಅವಸರವಿಲ್ಲ. ಮನೆಗಾಡಿಯ ಸುಖವೇ ಅದು.

ಉಳಿದದ್ದು ಚುಟುಕಾಗಿ. ಟಯರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಚೆನ್ನಾಗಿದ್ದರೂ ವಯಸ್ಸಾದ ರಬ್ಬರು ಬಿಸಿಲಿನಲ್ಲಿ ಸಿಡಿಯುತ್ತದೆ. ನೂರು ಲೀಟರ್ ನೀರು ಅಂದರೆ ನೂರು ಕಿಲೋ ತೂಕ, ಅರ್ಧ ತುಂಬಿದರೆ ಸಾಕು, ದಾರಿಯಲ್ಲಿ ಸಿಗುತ್ತದೆ. ಘಟ್ಟ ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು. ಬ್ರೇಕ್ ಒತ್ತಿಕೊಂಡೇ ಇಳಿದರೆ ಹಳೇ ಬ್ರೇಕ್ ಆಯಿಲ್ ಕುದಿದು ಪೆಡಲ್ಲು ನೆಲಕ್ಕೆ ಹೋಗುತ್ತದೆ. ಹೊರಡುವ ಮುಂಚೆ ಆ ಆಯಿಲ್ ಬದಲಿಸಿ. ಎಂಜಿನ್? ಈ ಡೀಸೆಲ್ ಗಾಡಿಗಳ ರಿಪೇರಿ ಗೊತ್ತಿರುವ ಮೆಕ್ಯಾನಿಕ್ ದಾರಿಯುದ್ದಕ್ಕೂ ಸಿಗುತ್ತಾನೆ, ಅದರ ಚಿಂತೆ ಕಡಿಮೆ.

ಕಾಗದ ಪತ್ರ. ಕಂಪನಿ ಮಾಡಿಕೊಟ್ಟ ಗಾಡಿಯ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿದೆ. ಹಿಂದಿನ ಯಜಮಾನರು ಮಾಡಿಸಿದ ಮನೆ ಆರ್‌ಸಿ ಪುಸ್ತಕದಲ್ಲಿ ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ಇನ್ಶೂರೆನ್ಸಿನವರು ಬೇಕಾದ ದಿನ ಕೈ ಎತ್ತಿಯಾರು. ಖಾಸಗಿ ಗಾಡಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಿಸಬೇಕು. ದೆಹಲಿ ಸುತ್ತಿನ ರಾಜಧಾನಿ ವಲಯದಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳಿಗೆ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2025ರಲ್ಲಿ ಮತ್ತೆ ಆದೇಶಗಳು ಬಂದವು. ಹೊರಡುವ ವಾರ ವಿಚಾರಿಸಿಕೊಳ್ಳಿ. ಬೇಡವೆನಿಸಿದರೆ ಜೈಪುರದಿಂದಲೇ ತಿರುಗಿ. ಕೆಂಪುಕೋಟೆಯನ್ನು ರೈಲಿನಲ್ಲಿ ಹೋಗಿಯೂ ನೋಡಬಹುದು.

ಕೊನೆಯದಾಗಿ, ಮೊದಲ ರಾತ್ರಿಯನ್ನು ಗೋವಾದಲ್ಲಿ ಕಳೆಯಬೇಡಿ, ನಿಮ್ಮ ಅಂಗಳದಲ್ಲೇ ಕಳೆಯಿರಿ. ನಾಲ್ಕೂ ಜನ ಗಾಡಿಯಲ್ಲಿ ಉಂಡು, ಮಲಗಿ, ಏಳಿ. ಎಲ್ಲಿ ನೀರು ಸೋರುತ್ತದೆ, ಯಾವ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಕತ್ತಲಲ್ಲಿ ಚಿಕ್ಕ ಮಗುವಿಗೆ ಚಿಲಕ ಎಟುಕುತ್ತದೆಯೇ, ಎಲ್ಲ ಅಲ್ಲೇ ಗೊತ್ತಾಗುತ್ತದೆ. ಯಾರಿಗಾದರೂ ತಲೆ ಭಾರ ಅನ್ನಿಸಿದರೆ ನಿದ್ದೆ ಸಾಲಲಿಲ್ಲ ಅಂತ ಸುಮ್ಮನಾಗಬೇಡಿ, ಎಲ್ಲರೂ ಕೆಳಗಿಳಿದು ಗಾಳಿಗೆ ಬನ್ನಿ. ಆಮೇಲೆ ಮತ್ತೊಮ್ಮೆ ಟಾರ್ಚು ಹಿಡಿದು ಗಾಡಿಯ ಅಡಿಗೆ ಹೋಗಿ. ಅಷ್ಟಾದ ಮೇಲೆ ಕಾಯಿ ಒಡೆದು ಹೊರಡಿ. ರಾಜಸ್ಥಾನದಿಂದ ಒಂದು ಕಾರ್ಡು ಹಾಕಿ, ಇದೇ ಪುಟದಲ್ಲಿ ಅಚ್ಚು ಹಾಕೋಣ.